ಮೊದಲ ಪಿಕಲ್‌ಬಾಲ್ ಟೂರ್ನಿ: ಯಾವ ಲೆವೆಲ್‌ಗೆ ಹೆಸರು ಕೊಡಬೇಕು, ಯಾವ ಪ್ಯಾಡಲ್ ಹಿಡಿಯಬೇಕು

"ಬಿಗಿನರ್‌ಗೆ ಹಾಕಲಾ, ಇಂಟರ್‌ಮೀಡಿಯೇಟ್‌ಗೆ ಹಾಕಲಾ?" "ಒಳ್ಳೆ ಪ್ಯಾಡಲ್ ತಗೊಂಡರೆ ಆಟ ಸುಧಾರಿಸುತ್ತಾ?" ಪಿಕಲ್‌ಬಾಲ್ ಅಂದರೆ ಪ್ಯಾಡಲ್ ಅನ್ನೋ ಗಟ್ಟಿ ಬ್ಯಾಟಿನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್ ಮೇಲಿಂದ ಹೊಡೆದಾಡುವ ಆಟ. ಅದರ ವಿಷಯದಲ್ಲಿ ಓದುಗರು ಕೇಳೋದು ಹೆಚ್ಚುಕಮ್ಮಿ ಇವೆರಡೇ. ಕೇಳುವವರಲ್ಲಿ ಜಾಸ್ತಿ ಜನ ಬೆಂಗಳೂರಿನವರು. ಅಪಾರ್ಟ್‌ಮೆಂಟ್ ಕೋರ್ಟಿನಲ್ಲೋ ಟೆರೇಸ್ ಮೇಲಿನ ಬಾಡಿಗೆ ಕೋರ್ಟಿನಲ್ಲೋ ಕೆಲವು ತಿಂಗಳು ಆಡಿದ್ದಾರೆ, ತಮ್ಮ ಗುಂಪಿನಲ್ಲಿ ಗೆಲ್ಲುತ್ತಿದ್ದಾರೆ, ಈಗ ವಾಟ್ಸಾಪ್‌ನಲ್ಲಿ ಬಂದ ಟೂರ್ನಿ ಪೋಸ್ಟರ್ ನೋಡಿ ಕೈ ತುರಿಸುತ್ತಿದೆ.

ಒಂದೇ ಮಾತಿನಲ್ಲಿ ಉತ್ತರ ಬೇಕಿದ್ದರೆ: ಲೆವೆಲ್ ಮೊದಲು, ಪ್ಯಾಡಲ್ ಆಮೇಲೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಯಾಕೆ ಅಂತ ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಆಟ ಒಂದಿಷ್ಟು ಗೊತ್ತು ಅಂತಲೇ ಅಂದುಕೊಂಡಿದ್ದೇನೆ, ಆದರೂ ಕೋರ್ಟಿನ ಭಾಷೆಯನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

1. ನೀವು ಅಭ್ಯಾಸ ಮಾಡುವ ಕೋರ್ಟನ್ನೇ ಮೊದಲು ಅಳೆಯಿರಿ

ತಮಾಷೆ ಅನ್ನಿಸಬಹುದು, ಆದರೆ ಟೇಪ್ ಹಿಡಿದು ಅಳೆಯಿರಿ. ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಡಬಲ್ಸ್ ಕೋರ್ಟಿನ ಅಳತೆಯೂ ಅದೇ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೇ ಒಂದು ಮನೆಯ ಹಳೇ ಶಟಲ್ ಕೋರ್ಟಿನಲ್ಲಿ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಶಟಲ್ ನೆಟ್ ಕೆಳಗಿಳಿಸಿ ಪಿಕಲ್‌ಬಾಲ್ ಶುರು ಮಾಡೋದು ಸುಲಭ.

ಎಡವಟ್ಟು ಆಗೋದು ಎರಡು ಕಡೆ. ಒಂದು, ನೆಟ್. ಅದು ಪಕ್ಕದ ಗೆರೆಗಳ ಹತ್ತಿರ 36 ಇಂಚು, ನಡುವೆ 34 ಇಂಚು ಇರಬೇಕು. ಕಣ್ಣಳತೆಯಲ್ಲಿ ಕಟ್ಟಿದ ನೆಟ್ ನಡುವೆ ಜೋತು ಬಿದ್ದು 32 ಇಂಚಿಗೆ ಇಳಿದಿದ್ದರೆ, ಅಲ್ಲಿ ಸಲೀಸಾಗಿ ದಾಟುತ್ತಿದ್ದ ಚೆಂಡು ಟೂರ್ನಿಯಲ್ಲಿ ನೆಟ್‌ಗೆ ಬಡಿಯುತ್ತದೆ.

ಎರಡನೆಯದು ಕಿಚನ್ ಗೆರೆ. ಕಿಚನ್ ಅಂದರೆ ನೆಟ್‌ನ ಎರಡೂ ಕಡೆ ಇರುವ 7 ಅಡಿಯ ಜಾಗ. ಅದರೊಳಗೆ ಅಥವಾ ಅದರ ಗೆರೆ ಮೇಲೆ ಕಾಲಿಟ್ಟು ವಾಲಿ ಹೊಡೆಯುವಂತಿಲ್ಲ. ವಾಲಿ ಅಂದರೆ ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯೋದು. ಶಟಲ್ ಕೋರ್ಟಿನ ಮುಂದಿನ ಸರ್ವಿಸ್ ಗೆರೆ ಇರೋದು ನೆಟ್‌ನಿಂದ ಆರೂವರೆ ಅಡಿಗೆ. ಎಷ್ಟೋ ಕಡೆ ಅದನ್ನೇ ಕಿಚನ್ ಗೆರೆ ಅಂತ ಇಟ್ಟುಕೊಂಡು ತಿಂಗಳುಗಟ್ಟಲೆ ಆಡುತ್ತಾರೆ. ಅರ್ಧ ಅಡಿ ವ್ಯತ್ಯಾಸ ಏನು ಮಹಾ ಅನ್ನಬೇಡಿ. ಕಾಲಿಗೆ ಆ ಅಭ್ಯಾಸ ಆಗಿಬಿಟ್ಟರೆ ಟೂರ್ನಿಯಲ್ಲಿ ಪ್ರತಿ ಎರಡನೇ ವಾಲಿಯೂ ಫೌಲ್. 7 ಅಡಿಗೆ ಬಣ್ಣದ ಟೇಪ್ ಅಂಟಿಸಿ, ಅಷ್ಟೇ.

2. ಗುಂಪಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ನಿಯಮಗಳನ್ನು ಕಲಿಯಿರಿ

ಗೆಳೆಯರ ಆಟದಲ್ಲಿ "ಹೋಗ್ಲಿ ಬಿಡಪ್ಪಾ" ಅಂತ ಬಿಡುವ ತಪ್ಪುಗಳಿಗೆ ಟೂರ್ನಿಯಲ್ಲಿ ಪಾಯಿಂಟ್ ಹೋಗುತ್ತದೆ. ಮುಖ್ಯವಾದವು ಇವು.

ಸರ್ವ್ ಸೊಂಟದ ಕೆಳಗಿಂದ ಮೇಲ್ಮುಖವಾಗಿ ಬರಬೇಕು. ಹೊಡೆಯುವಾಗ ಪ್ಯಾಡಲ್‌ನ ತಲೆ ಮಣಿಕಟ್ಟಿಗಿಂತ ಮೇಲಿರಬಾರದು. ಇದರಲ್ಲಿ ಅನುಮಾನ ಇರುವವರಿಗೆ ಡ್ರಾಪ್ ಸರ್ವ್ ಒಳ್ಳೆ ದಾರಿ. ಚೆಂಡನ್ನು ಕೈಯಿಂದ ಸುಮ್ನೆ ಬಿಟ್ಟು, ನೆಲಕ್ಕೆ ಬಿದ್ದು ಎದ್ದ ಮೇಲೆ ಹೊಡೆಯೋದು. ಅದಕ್ಕೆ ಈ ಸೊಂಟ-ಮಣಿಕಟ್ಟಿನ ಕಟ್ಟುಪಾಡು ಇಲ್ಲ. ಆದರೆ ಚೆಂಡನ್ನು ಕೆಳಕ್ಕೆ ಎಸೆಯುವಂತಿಲ್ಲ, ಮೇಲಕ್ಕೂ ಎಸೆಯುವಂತಿಲ್ಲ. ಬಿಡಬೇಕು.

ಸರ್ವ್ ನೆಟ್‌ಗೆ ತಾಗಿ ಸರಿಯಾದ ಜಾಗದಲ್ಲಿ ಬಿದ್ದರೆ ಆಟ ಮುಂದುವರಿಯುತ್ತದೆ. 2021ಕ್ಕೆ ಮುಂಚೆ ಅದನ್ನು ಮತ್ತೆ ಆಡಿಸುತ್ತಿದ್ದರು, ಈಗ ಇಲ್ಲ. "ಲೆಟ್, ಲೆಟ್" ಅಂತ ಕೂಗಿ ನಿಂತುಬಿಟ್ಟರೆ ಪಾಯಿಂಟ್ ಹೋಯಿತು. ಸರ್ವ್ ಕಿಚನ್ ಗೆರೆ ಮೇಲೆ ಬಿದ್ದರೆ ಔಟ್, ಉಳಿದ ಗೆರೆಗಳ ಮೇಲೆ ಬಿದ್ದರೆ ಇನ್.

ಎರಡು ಪುಟಿತದ ನಿಯಮ ನಿಮಗೆ ಗೊತ್ತೇ ಇರುತ್ತದೆ. ಸರ್ವ್ ಒಮ್ಮೆ ಪುಟಿಯಬೇಕು, ಅದರ ರಿಟರ್ನ್ ಕೂಡ ಒಮ್ಮೆ ಪುಟಿಯಬೇಕು, ಆಮೇಲಷ್ಟೇ ವಾಲಿ. ಗೊತ್ತಿದ್ದೂ ಟೆನ್ಶನ್‌ನಲ್ಲಿ ಮರೆಯುತ್ತಾರೆ. ಸರ್ವ್ ಮಾಡಿ ಎರಡು ಹೆಜ್ಜೆ ಮುಂದೆ ಬಂದುಬಿಟ್ಟು, ಉದ್ದ ಬಂದ ರಿಟರ್ನನ್ನು ಗಾಳಿಯಲ್ಲೇ ಹೊಡೆಯೋದು ಮೊದಲ ಟೂರ್ನಿಯ ಮಾಮೂಲಿ ದೃಶ್ಯ. ಸರ್ವ್ ಮಾಡಿದ ಮೇಲೆ ಹಿಂದಿನ ಗೆರೆಯ ಆಚೆಯೇ ಇರಿ.

ಇನ್ನು ಡಬಲ್ಸ್‌ನಲ್ಲಿ ಸ್ಕೋರ್ ಹೇಳೋದು. ಮೂರು ಸಂಖ್ಯೆ: ಮೊದಲು ನಿಮ್ಮ ಪಾಯಿಂಟ್, ಆಮೇಲೆ ಎದುರಾಳಿಯದು, ಕೊನೆಗೆ ನೀವು ಮೊದಲನೇ ಸರ್ವರ್ರಾ ಎರಡನೇ ಸರ್ವರ್ರಾ ಅನ್ನೋದು. "4-2-1" ಅಂದರೆ ನಮಗೆ ನಾಲ್ಕು, ನಿಮಗೆ ಎರಡು, ನಾನು ಮೊದಲ ಸರ್ವರ್. ಆಟ ಶುರುವಾಗೋದು 0-0-2ರಿಂದ. ಮೊದಲು ಸರ್ವ್ ಮಾಡುವ ಜೋಡಿಗೆ ಆ ಮೊದಲ ಸರದಿಯಲ್ಲಿ ಒಂದೇ ಸರ್ವರ್ ಅವಕಾಶ ಇರೋದರಿಂದ ಹಾಗೆ. ಸ್ಕೋರ್ ಪೂರ್ತಿ ಕೂಗಿದ ಮೇಲೆ 10 ಸೆಕೆಂಡಿನೊಳಗೆ ಸರ್ವ್ ಮಾಡಬೇಕು, ಕೂಗಿ ಮುಗಿಸುವ ಮುಂಚೆ ಮಾಡಬಾರದು.

ಎಚ್ಚರಿಕೆ: ಅಮೆಚೂರ್ ಟೂರ್ನಿಗಳ ಆರಂಭದ ಪಂದ್ಯಗಳಿಗೆ ರೆಫರಿ ಇರೋದು ಅಪರೂಪ. ನಿಮ್ಮ ಕಡೆ ಬಿದ್ದ ಚೆಂಡಿನ ಇನ್-ಔಟ್ ನೀವೇ ಹೇಳಬೇಕು. ಸರಿಯಾಗಿ ಕಾಣದಿದ್ದರೆ ಅದು ಇನ್, ಅನುಮಾನದ ಲಾಭ ಎದುರಾಳಿಗೆ. ಇದು ದೊಡ್ಡ ಮನಸ್ಸಿನ ಪ್ರಶ್ನೆ ಏನಲ್ಲ, ನಿಯಮವೇ ಹಾಗಿದೆ.

3. ನಿಮ್ಮ ಲೆವೆಲ್ ಪ್ರಾಮಾಣಿಕವಾಗಿ ಪತ್ತೆ ಮಾಡಿ

ಪಿಕಲ್‌ಬಾಲ್‌ನಲ್ಲಿ ಲೆವೆಲ್ಲನ್ನು 2.0, 2.5, 3.0 ಹೀಗೆ ಅರ್ಧರ್ಧ ಅಂಕ ಏರಿಸಿ ಹೇಳುತ್ತಾರೆ. 2.0 ಅಂದರೆ ಈಗಷ್ಟೇ ಶುರು. 5.0 ದಾಟಿದವರು ಲೆವೆಲ್ ಮಿತಿ ಇಲ್ಲದ ಓಪನ್ ವಿಭಾಗದಲ್ಲಿ ಪದಕಕ್ಕೆ ಆಡುವವರು. ನಾವು ತಲೆ ಕೆಡಿಸಿಕೊಳ್ಳಬೇಕಾದ್ದು 2.5ರಿಂದ 4.0ರ ನಡುವೆ.

ನಿಮ್ಮ ಗುಂಪಿನಲ್ಲಿ ನೀವು ಎಷ್ಟು ಗೆಲ್ಲುತ್ತೀರಿ ಅನ್ನೋದರಿಂದ ಲೆವೆಲ್ ಗೊತ್ತಾಗೋದಿಲ್ಲ. ಗುಂಪೇ 2.5 ಆಗಿದ್ದರೆ ಅದರ ರಾಜನೂ 3.0 ಅಷ್ಟೇ. ಮೆತ್ತಗಿನ ಹೊಡೆತ ಎಷ್ಟು ಹೊತ್ತು ನಿಮ್ಮ ಹಿಡಿತದಲ್ಲಿರುತ್ತೆ ಅನ್ನೋದನ್ನು ನೋಡಬೇಕು. ಅದಕ್ಕೆ ಮೂರು ಪದ ಗೊತ್ತಿರಲಿ.

ಡಿಂಕ್: ಕಿಚನ್ ಗೆರೆ ಹತ್ತಿರ ನಿಂತು ಎದುರಾಳಿಯ ಕಿಚನ್ ಒಳಗೆ ಮೆತ್ತಗೆ ಬೀಳಿಸುವ ಹೊಡೆತ. ಥರ್ಡ್ ಶಾಟ್ ಡ್ರಾಪ್: ಸರ್ವ್ ಮೊದಲನೆಯದು, ರಿಟರ್ನ್ ಎರಡನೆಯದು, ಸರ್ವ್ ಮಾಡಿದ ಜೋಡಿ ಹೊಡೆಯೋದು ಮೂರನೆಯದು. ಅದನ್ನು ಹಿಂದಿನ ಗೆರೆಯಿಂದ ಎದುರಾಳಿಯ ಕಿಚನ್‌ಗೆ ಇಳಿಸಿದರೆ ನೀವು ಮುಂದೆ ಬರೋಕೆ ಸಮಯ ಸಿಗುತ್ತದೆ. ರಿಸೆಟ್: ಜೋರಾಗಿ ಬಂದ ಚೆಂಡಿನ ವೇಗ ಕೊಂದು ಮತ್ತೆ ಕಿಚನ್‌ಗೆ ಹಾಕೋದು.

ಒಂದು ಸಂಜೆ ಪಾರ್ಟ್‌ನರ್ ಜೊತೆ ಈ ಪರೀಕ್ಷೆ ಮಾಡಿ. ಇದು ಯಾವ ಸಂಸ್ಥೆಯದ್ದೂ ಅಲ್ಲ, ನನ್ನದೇ ಲೆಕ್ಕ. ಆದರೆ ಕೆಲಸಕ್ಕೆ ಬರುತ್ತದೆ.

ಮೂಲೆಯಿಂದ ಮೂಲೆಗೆ ಡಿಂಕ್ ಮಾಡಿ. ತಪ್ಪಿಲ್ಲದೆ ಐದು ದಾಟದಿದ್ದರೆ ನೀವು ಇನ್ನೂ 3.0ರ ಕೆಳಗೆ. ಹತ್ತು-ಹದಿನೈದು ಆರಾಮಾಗಿ ಬಂದರೆ 3.5ರ ಹತ್ತಿರ. ಆಮೇಲೆ ಹಿಂದಿನ ಗೆರೆಯಿಂದ ಹತ್ತು ಡ್ರಾಪ್. ಎರಡು ಮೂರು ಸರಿ ಬಿದ್ದರೆ 3.0. ಐದು ಬಿದ್ದು, ತಪ್ಪಿದವೂ ಸ್ಮ್ಯಾಶ್ ಮಾಡುವಷ್ಟು ಎತ್ತರ ಏಳದಿದ್ದರೆ 3.5. ಏಳೆಂಟು ಬಿದ್ದರೆ, ಯಾವಾಗ ಡ್ರಾಪ್ ಮಾಡಬೇಕು ಯಾವಾಗ ಜೋರಾಗಿ ಬೀಸಬೇಕು ಅನ್ನೋದು ಕೂಡ ಗೊತ್ತಿದ್ದರೆ, 4.0 ಬಗ್ಗೆ ಯೋಚಿಸಬಹುದು. ಕೊನೆಗೆ ಪಾರ್ಟ್‌ನರ್‌ಗೆ ಜೋರಾಗಿ ಹೊಡೆಯೋಕೆ ಹೇಳಿ ನೀವು ರಿಸೆಟ್ ಮಾಡಿ. 3.5 ಮತ್ತು 4.0 ನಡುವಿನ ಗೋಡೆ ಇದೇ. ಇಲ್ಲಿ ಬಹಳ ಜನ ಬಿದ್ದುಹೋಗುತ್ತಾರೆ.

ಬೇರೆ ಆಟದಿಂದ ಬಂದವರಿಗೆ ಇಲ್ಲಿ ಒಂದು ಗೊಂದಲ ಇದೆ. ನಮ್ಮೂರಲ್ಲಿ ಪಿಕಲ್‌ಬಾಲ್ ಆಡುವವರಲ್ಲಿ ಶಟಲ್, ಟೆನಿಸ್, ಟೇಬಲ್ ಟೆನಿಸ್‌ನಿಂದ ಬಂದವರೇ ಜಾಸ್ತಿ. ಶಟಲ್‌ನವರಿಗೆ ಕಣ್ಣು-ಕೈ ಚುರುಕು, ಮೊದಲ ವಾರವೇ ಹೊಸಬರನ್ನು ಸೋಲಿಸುತ್ತಾರೆ. ಆದರೆ ಮೂರು ಅಭ್ಯಾಸ ಕಾಡುತ್ತವೆ. ಹಾರಿ ಸ್ಮ್ಯಾಶ್ ಮಾಡಿ ಕಿಚನ್ ಒಳಗೆ ಇಳಿಯುತ್ತಾರೆ. ವಾಲಿ ಹೊಡೆದ ರಭಸಕ್ಕೆ ಒಳಗೆ ಹೋದರೂ ಫೌಲೇ, ಆ ಪಾಯಿಂಟ್ ಮುಗಿದು ಚೆಂಡು ಸತ್ತ ಮೇಲೆ ಹೋದರೂ ಫೌಲೇ. ಎರಡನೆಯದು, ಡಬಲ್ಸ್‌ನಲ್ಲಿ ಒಬ್ಬರು ಮುಂದೆ ಒಬ್ಬರು ಹಿಂದೆ ನಿಲ್ಲುತ್ತಾರೆ. ಇಲ್ಲಿ ಇಬ್ಬರೂ ಪಕ್ಕಪಕ್ಕ, ಕಿಚನ್ ಗೆರೆಯಲ್ಲೇ ಇರಬೇಕು. ಮೂರನೆಯದು ಮಣಿಕಟ್ಟಿನ ಆಟ, ಅದು ಪ್ಯಾಡಲ್ ಹಂತದಲ್ಲಿ ಬರುತ್ತದೆ. ಟೆನಿಸ್‌ನವರು ದೊಡ್ಡದಾಗಿ ಬೀಸುತ್ತಾರೆ, ಹಿಂದಿನ ಗೆರೆ ಬಿಟ್ಟು ಬರೋದಿಲ್ಲ. ಟೇಬಲ್ ಟೆನಿಸ್‌ನವರಿಗೆ ನೆಟ್ ಹತ್ತಿರ ಕೈ ಅದ್ಭುತ, ಆದರೆ ಕಾಲು ಹಿಂದೆ ಬೀಳುತ್ತದೆ.

ಎಚ್ಚರಿಕೆ: ಕಾಲೇಜಿನಲ್ಲಿ ಶಟಲ್ ಆಡಿ ಕಪ್ ಗೆದ್ದವರು "ಪಿಕಲ್‌ಬಾಲ್‌ಗೆ ನಾನು ಹೊಸಬ" ಅಂತ ಬಿಗಿನರ್ ವಿಭಾಗಕ್ಕೆ ಹೆಸರು ಕೊಟ್ಟರೆ ಜಗಳ ಖಂಡಿತ. ಬೇಕಂತಲೇ ಕೆಳಗಿನ ಲೆವೆಲ್‌ನಲ್ಲಿ ಆಡೋದನ್ನು ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. ಆಯೋಜಕರು ನಡುವೆಯೇ ಮೇಲಿನ ವಿಭಾಗಕ್ಕೆ ಹಾಕಬಹುದು ಅಥವಾ ಹೊರಗೆ ಕಳಿಸಬಹುದು. ಕಟ್ಟಿದ ಫೀಸು ವಾಪಸ್ ಬರುವ ಭರವಸೆ ಇಟ್ಟುಕೊಳ್ಳಬೇಡಿ.

4. ಡ್ಯೂಪರ್ ಖಾತೆ ತೆರೆಯಿರಿ

ಪೋಸ್ಟರ್‌ನಲ್ಲಿ "ಡ್ಯೂಪರ್ 3.5ರ ಕೆಳಗೆ" ಅಂತ ನೋಡಿರುತ್ತೀರಿ. ಡ್ಯೂಪರ್ ಅಂದರೆ ಡೈನಾಮಿಕ್ ಯೂನಿವರ್ಸಲ್ ಪಿಕಲ್‌ಬಾಲ್ ರೇಟಿಂಗ್. 2ರಿಂದ 8ರವರೆಗೆ, ದಶಮಾಂಶದ ಮೂರು ಸ್ಥಾನದ ತನಕ ಬರುವ ಅಂಕ. 3.127 ಅನ್ನೋ ಥರ. ವಯಸ್ಸು, ಗಂಡು-ಹೆಣ್ಣು, ಊರು ಏನೂ ಲೆಕ್ಕಕ್ಕಿಲ್ಲ, ಎಲ್ಲರಿಗೂ ಒಂದೇ ಅಳತೆಕೋಲು. ಸಿಂಗಲ್ಸ್‌ಗೆ ಒಂದು, ಡಬಲ್ಸ್‌ಗೆ ಒಂದು ಪ್ರತ್ಯೇಕ ಅಂಕ. ಡಬಲ್ಸ್ ಅಂಕ ಕೂಡ ನಿಮ್ಮೊಬ್ಬರದ್ದೇ, ಜೋಡಿಯದ್ದಲ್ಲ. ಖಾತೆ ಉಚಿತ.

ಶುರುವಿನಲ್ಲಿ ಅಂಕದ ಜಾಗದಲ್ಲಿ "ಎನ್‌ಆರ್" ಅಂತ ಇರುತ್ತದೆ, ಇನ್ನೂ ರೇಟಿಂಗ್ ಇಲ್ಲ ಅಂತ. ಪಂದ್ಯದ ಫಲಿತಾಂಶ ದಾಖಲಾದ ಹಾಗೆ ಅಂಕ ಬರುತ್ತದೆ. ಯಾರ ವಿರುದ್ಧ, ಎಷ್ಟಕ್ಕೆ ಎಷ್ಟು ಅನ್ನೋದನ್ನು ನೋಡಿ ಲೆಕ್ಕ ಹಾಕುತ್ತಾರೆ. ಗೆಳೆಯರೇ ಹಾಕಿಕೊಂಡ ಪಂದ್ಯಕ್ಕಿಂತ ಕ್ಲಬ್ ಮತ್ತು ಟೂರ್ನಿ ಪಂದ್ಯಗಳಿಗೆ ತೂಕ ಜಾಸ್ತಿ.

ಇಲ್ಲಿ ಜನ ಎಡವೋದು ಎಲ್ಲಿ ಅಂದರೆ, ನಾಲ್ಕೇ ಪಂದ್ಯ ದಾಖಲಾಗಿ 3.8 ಬಂದಾಗ ಅದನ್ನೇ ಹಿಡಿದು ಹೆಮ್ಮೆಯಿಂದ 4.0 ವಿಭಾಗಕ್ಕೆ ಹೋಗಿಬಿಡುತ್ತಾರೆ. ಅಂಕದ ಜೊತೆ ರಿಲಯಬಿಲಿಟಿ ಅನ್ನೋ ಇನ್ನೊಂದು ಸಂಖ್ಯೆಯೂ ಇರುತ್ತದೆ, ಆ ಅಂಕವನ್ನು ಎಷ್ಟು ನಂಬಬಹುದು ಅಂತ ಹೇಳುವುದು. ಅದು ಕಡಿಮೆ ಇದ್ದರೆ ಮೂರನೇ ಹಂತದ ಪರೀಕ್ಷೆಯನ್ನೇ ಜಾಸ್ತಿ ನಂಬಿ. ನಾಲ್ಕೈದು ಬೇರೆ ಬೇರೆ ಕೋರ್ಟುಗಳಿಗೆ ಹೋಗಿ ಅಪರಿಚಿತರ ಜೊತೆ ಆಡಿ. ಪ್ಲೇಯೊ ತರಹದ ಆಪ್‌ನಲ್ಲಿ ಕೋರ್ಟೂ ಸಿಗುತ್ತದೆ, ಜೊತೆಗಾರರೂ ಸಿಗುತ್ತಾರೆ.

5. ಪೋಸ್ಟರ್ ಓದಿ, ಆಮೇಲೆ ದುಡ್ಡು ಕಟ್ಟಿ

ವಿಭಾಗಗಳು ಸಾಮಾನ್ಯವಾಗಿ ಮೂರು ರೀತಿ ಒಡೆದಿರುತ್ತವೆ: ಆಟದ ಬಗೆ (ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್), ಲೆವೆಲ್, ವಯಸ್ಸು. 35+, 50+ ವಿಭಾಗ ನೋಡಿ "ಅಲ್ಲಿ ಸುಲಭ" ಅಂದುಕೊಳ್ಳಬೇಡಿ. 50+ನಲ್ಲಿ ಚೆಂಡನ್ನು ಇಟ್ಟ ಜಾಗಕ್ಕೇ ಇಡುವ ಹಳೇ ಟೆನಿಸ್ ಆಟಗಾರರು ಇರುತ್ತಾರೆ, ಅವರು ಓಡೋದಿಲ್ಲ, ನಿಮ್ಮನ್ನು ಓಡಿಸುತ್ತಾರೆ.

ಮೊದಲ ಸಲಕ್ಕೆ ನನ್ನ ಸಲಹೆ: ಡಬಲ್ಸ್, ಒಂದೇ ವಿಭಾಗ, ರೌಂಡ್ ರಾಬಿನ್ ಇರುವ ಟೂರ್ನಿ. ರೌಂಡ್ ರಾಬಿನ್ ಅಂದರೆ ಗುಂಪಿನ ಎಲ್ಲರ ವಿರುದ್ಧವೂ ಆಡೋದು. ಒಂದು ಸೋತರೂ ಇನ್ನೂ ಆಟ ಇರುತ್ತದೆ. ನೇರ ನಾಕೌಟ್ ಆದರೆ ಬೆಳಗ್ಗೆ ಎಂಟಕ್ಕೆ ಹೋಗಿ ಎಂಟೂಕಾಲಿಗೆ ಬೈಕ್ ಹತ್ತಬೇಕಾಗಬಹುದು.

ಆಯೋಜಕರನ್ನು ಇಷ್ಟು ಕೇಳಿ. ಗೇಮ್ ಎಷ್ಟಕ್ಕೆ? ಮಾಮೂಲಿ ಲೆಕ್ಕ 11ಕ್ಕೆ, ಎರಡರ ಅಂತರ ಬೇಕು, ಆದರೆ ಸಮಯ ಉಳಿಸಲು 15ರ ಒಂದೇ ಗೇಮ್ ಇಡುವವರೂ ಇದ್ದಾರೆ. ರ‍್ಯಾಲಿ ಸ್ಕೋರಿಂಗಾ? ಅದಾದರೆ ಸರ್ವ್ ಯಾರದ್ದೇ ಇರಲಿ ರ‍್ಯಾಲಿ ಗೆದ್ದವರಿಗೆ ಪಾಯಿಂಟ್, ಶಟಲ್‌ನ ಹಾಗೆ. ಚೆಂಡು ಯಾವುದು? ಹೊರಾಂಗಣದ ಚೆಂಡಿಗೆ ಸಾಮಾನ್ಯವಾಗಿ 40 ಚಿಕ್ಕ ತೂತು, ಗಟ್ಟಿ, ವೇಗ. ಒಳಾಂಗಣದ್ದಕ್ಕೆ 26 ದೊಡ್ಡ ತೂತು, ಮೆತ್ತಗೆ, ನಿಧಾನ. ಒಂದರಲ್ಲಿ ಅಭ್ಯಾಸ ಮಾಡಿ ಇನ್ನೊಂದರಲ್ಲಿ ಆಡಿದರೆ ಡ್ರಾಪ್ ಎಲ್ಲಾ ಕೆಡುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಬೆಂಗಳೂರಿಗೆ ಆಡಲು ಬರುವವರಿಗೆ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ತೆಳು, ಚೆಂಡು ಸ್ವಲ್ಪ ದೂರ ಹೋಗುತ್ತದೆ. ವಾರ್ಮಪ್‌ನಲ್ಲೇ ಸರ್ವ್‌ನ ಉದ್ದ ಸರಿಮಾಡಿಕೊಳ್ಳಿ.

ಪೋಸ್ಟರ್‌ನಲ್ಲಿ "ರಾಜ್ಯ ತಂಡದ ಆಯ್ಕೆ" ಅಂತ ಇದ್ದರೆ ಯಾವ ಸಂಘದ್ದು ಅಂತ ಕೇಳಿ. ದೇಶದಲ್ಲಿ 2008ರಲ್ಲಿ ಶುರುವಾದ ಆಲ್ ಇಂಡಿಯಾ ಪಿಕಲ್‌ಬಾಲ್ ಅಸೋಸಿಯೇಶನ್ ಇದೆ. ಕೇಂದ್ರ ಕ್ರೀಡಾ ಸಚಿವಾಲಯ 2025ರಲ್ಲಿ ರಾಷ್ಟ್ರೀಯ ಫೆಡರೇಶನ್ ಅಂತ ಮಾನ್ಯತೆ ಕೊಟ್ಟಿದ್ದು ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಶನ್‌ಗೆ. ವಾರಾಂತ್ಯದ ಕ್ಲಬ್ ಟೂರ್ನಿ ಆಡುವವರಿಗೆ ಇದು ತಲೆನೋವಲ್ಲ, ಆಯ್ಕೆ-ಸರ್ಟಿಫಿಕೇಟ್ ಬೇಕಿರುವ ಮಕ್ಕಳಿಗೆ ಮಾತ್ರ ಬಹಳ ಮುಖ್ಯ.

ಪಾರ್ಟ್‌ನರ್ ವಿಷಯ: ನಿಮಗಿಂತ ತುಂಬಾ ಮೇಲಿನವರನ್ನು ಹುಡುಕಬೇಡಿ. ಎದುರಾಳಿಗಳು ಇಡೀ ಪಂದ್ಯ ನಿಮಗೇ ಹೊಡೆಯುತ್ತಾರೆ, ಅವರು ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡುತ್ತಾರೆ. ನಡುವೆ ಬಂದ ಚೆಂಡು ಯಾರದ್ದು, ತಲೆ ಮೇಲೆ ಹೋದದ್ದು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ. ಗಂಡ-ಹೆಂಡತಿ ಜೋಡಿಯಾಗಿ ಆಡುವುದಾದರೆ ಇದನ್ನು ಬರೆದೇ ಇಟ್ಟುಕೊಳ್ಳೋದು ಒಳ್ಳೇದು!

6. ಈಗ ಪ್ಯಾಡಲ್

ಇಷ್ಟು ಹೊತ್ತಿಗೆ ನಿಮ್ಮ ಲೆವೆಲ್ ಗೊತ್ತಾಗಿರುತ್ತದೆ, ಯಾವ ಹೊಡೆತ ಕೈಕೊಡುತ್ತೆ ಅನ್ನೋದೂ ಗೊತ್ತಾಗಿರುತ್ತದೆ. ಪ್ಯಾಡಲ್ ಆರಿಸಬೇಕಾದ್ದು ಆ ಕೈಕೊಡುವ ಹೊಡೆತಕ್ಕೆ. ಅಂಗಡಿಯಲ್ಲಿ ಎಲ್ಲರೂ ಕೇಳೋದು "ಪವರ್ ಯಾವುದರಲ್ಲಿ ಜಾಸ್ತಿ" ಅಂತ. 3.0-3.5 ಆಟಗಾರರ ಬಹುಪಾಲು ಪಾಯಿಂಟ್ ಹೋಗೋದು ಚೆಂಡು ಎತ್ತರ ಎದ್ದೋ, ಔಟ್ ಹೋಗಿಯೋ, ನೆಟ್‌ಗೆ ಬಡಿದೋ. ಪವರ್ ಸಾಲದೆ ಹೋಗಿದ್ದು ತುಂಬಾ ಕಡಿಮೆ.

ಒಂದೊಂದಾಗಿ ನೋಡೋಣ.

ದಪ್ಪ. ಪ್ಯಾಡಲ್‌ನ ಒಳಗಿರೋದು ಹೆಚ್ಚಾಗಿ ಜೇನುಗೂಡಿನ ಆಕಾರದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದಕ್ಕೆ ಕೋರ್ ಅನ್ನುತ್ತಾರೆ. 16 ಮಿಲಿಮೀಟರ್ ಕೋರ್ ಚೆಂಡಿನ ವೇಗ ಹೀರಿಕೊಳ್ಳುತ್ತದೆ, ಡಿಂಕ್, ಡ್ರಾಪ್, ರಿಸೆಟ್ ಸುಲಭ. 13-14 ಮಿಲಿಮೀಟರಿನದ್ದು ಚೆಂಡನ್ನು ಚಿಮ್ಮಿಸುತ್ತದೆ. ಮೊದಲ ಟೂರ್ನಿಗೆ 16 ತಗೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಆಕಾರ. ನಿಯಮದ ಪ್ರಕಾರ ಪ್ಯಾಡಲ್‌ನ ಉದ್ದ-ಅಗಲ ಕೂಡಿದರೆ 24 ಇಂಚು ದಾಟಬಾರದು, ಉದ್ದ 17 ಇಂಚು ಮೀರಬಾರದು. ಅಂದರೆ ಉದ್ದ ಜಾಸ್ತಿಯಾದರೆ ಅಗಲ ಕಡಿಮೆಯಾಗಲೇಬೇಕು. ಮಾಮೂಲಿ ಅಗಲದ್ದು 16 ಇಂಚು ಉದ್ದ, 8 ಇಂಚು ಅಗಲ. ಉದ್ದನೆಯದು ಹದಿನಾರೂವರೆಗೆ ಏಳೂವರೆ. ಅಮೆರಿಕದ ವೃತ್ತಿಪರ ಆಟಗಾರ ಬೆನ್ ಜಾನ್ಸ್ ಹಿಡಿದಿದ್ದಾನೆ ಅಂತ ಉದ್ದನೆಯದನ್ನೇ ಕೇಳುವವರು ಜಾಸ್ತಿ. ಅವನ ಚೆಂಡು ಪ್ರತಿ ಸಲ ಪ್ಯಾಡಲ್‌ನ ನಡುಮಧ್ಯಕ್ಕೆ ತಾಗುತ್ತದೆ. ನಮ್ಮ ನಿಮ್ಮದು ಅಂಚಿಗೂ ತಾಗುತ್ತದಲ್ವಾ? ಅಗಲದ ಪ್ಯಾಡಲ್‌ನಲ್ಲಿ ಸರಿಯಾಗಿ ತಾಗುವ ಜಾಗ ದೊಡ್ಡದು. ಟೆನಿಸ್‌ನಿಂದ ಬಂದು ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಿಗೆ ಮಾತ್ರ ಉದ್ದ ಹಿಡಿ ಬೇಕು, ಐದೂವರೆ ಇಂಚಿನ ಹತ್ತಿರ ಇರುವುದು ನೋಡಿ.

ತೂಕ. ಹೆಚ್ಚಿನ ಪ್ಯಾಡಲ್‌ಗಳು 210ರಿಂದ 240 ಗ್ರಾಂ. ಔನ್ಸ್‌ನಲ್ಲಿ ಬರೆದಿರುತ್ತಾರೆ, ಏಳೂವರೆಯಿಂದ ಎಂಟೂವರೆ ಅಂತ. ಶಟಲ್ ರ‍್ಯಾಕೆಟ್ 80-90 ಗ್ರಾಂ ಅಷ್ಟೇ ಇರೋದು. ಅದರ ಎರಡೂವರೆ ಪಟ್ಟು ತೂಕದ್ದನ್ನು ಹಿಡಿದು ಅದೇ ಥರ ಮಣಿಕಟ್ಟು ಝಾಡಿಸಿದರೆ ಮೊಣಕೈ ಹಿಡಿದುಕೊಳ್ಳುತ್ತದೆ, ಟೆನಿಸ್ ಎಲ್ಬೋ ಅಂತಾರಲ್ಲ ಅದೇ. ಶಟಲ್‌ನವರು ಹಗುರದ ಕಡೆಯಿಂದ, 215-220 ಗ್ರಾಂನಿಂದ ಶುರು ಮಾಡಿ, ಹೊಡೆತ ಭುಜದಿಂದ ಬರುವ ಹಾಗೆ ಅಭ್ಯಾಸ ಮಾಡಿಕೊಳ್ಳಿ. ಈಗಾಗಲೇ ನೋವಿದ್ದರೆ ಹೊಸ ಪ್ಯಾಡಲ್ ಕೊಳ್ಳುವ ಮುಂಚೆ ಫಿಸಿಯೋ ಹತ್ತಿರ ಹೋಗಿ. ತೂಕ ಬೇಕಾದರೆ ಆಮೇಲೆ ಅಂಚಿಗೆ ಸೀಸದ ಟೇಪ್ ಅಂಟಿಸಿ ಏರಿಸಬಹುದು, ಇಳಿಸೋಕೆ ಆಗೋದಿಲ್ಲ.

ಹಿಡಿಯ ಸುತ್ತಳತೆ. 4ರಿಂದ ನಾಲ್ಕೂವರೆ ಇಂಚಿನ ತನಕ ಬರುತ್ತವೆ. ಅಂಗೈಯ ನಡುವಿನ ಗೆರೆಯಿಂದ ಉಂಗುರ ಬೆರಳಿನ ತುದಿಗೆ ಅಳೆದರೆ ನಿಮ್ಮದು ಅಂದಾಜು ಸಿಗುತ್ತದೆ. ಎರಡರ ನಡುವೆ ಬಂದರೆ ಚಿಕ್ಕದು ತಗೊಳ್ಳಿ, ಮೇಲೆ ಓವರ್‌ಗ್ರಿಪ್ ಸುತ್ತಿ ದಪ್ಪ ಮಾಡಬಹುದು. ಕೈ ಬೆವರುವವರಿಗೆ ಓವರ್‌ಗ್ರಿಪ್ ಹೇಗೂ ಬೇಕೇ ಬೇಕು.

ಮೇಲ್ಮೈ. ಫೈಬರ್‌ಗ್ಲಾಸ್ ಆದರೆ ಚಿಮ್ಮು ಜಾಸ್ತಿ. ಒರಟಾದ ಕಾರ್ಬನ್ ಫೈಬರ್ ಆದರೆ ಚೆಂಡಿಗೆ ಹಿಡಿತ, ಸ್ಪಿನ್, ಹತೋಟಿ. ಕಾರ್ಬನ್ನೇ ತಗೊಳ್ಳಿ. ಆ ಒರಟುತನ ಆಡ್ತಾ ಆಡ್ತಾ ಸವೆಯುತ್ತದೆ ಅನ್ನೋದು ಗೊತ್ತಿರಲಿ. ಚೆಂಡಿನ ಪ್ಲಾಸ್ಟಿಕ್ ಪುಡಿ ಅಂಟಿಕೊಂಡು ನುಣ್ಣಗಾಗಿದ್ದರೆ ಅದಕ್ಕಂತಲೇ ಸಿಗುವ ರಬ್ಬರ್ ತುಂಡಿನಿಂದ ಉಜ್ಜಿದರೆ ಹೋಗುತ್ತದೆ.

ಥರ್ಮೋಫಾರ್ಮ್ಡ್ ಅನ್ನೋ ಪದ ಡಬ್ಬದ ಮೇಲೆ ಕಾಣುತ್ತದೆ. ಬಿಸಿ ಅಚ್ಚಿನಲ್ಲಿ ಒತ್ತಿ ಇಡೀ ಪ್ಯಾಡಲ್ಲನ್ನು ಒಂದೇ ಗಟ್ಟಿಯಾಗಿ ಮಾಡಿದ್ದು ಅಂತ ಅರ್ಥ. ಪವರ್ ಜಾಸ್ತಿ. ಆದರೆ ಕೆಲವು ಸಲ ಒಳಗಿನ ಪದರ ಬಿಟ್ಟುಕೊಳ್ಳುತ್ತದೆ ಅಥವಾ ಕೋರ್ ಕುಸಿಯುತ್ತದೆ. ಹೊಡೆದಾಗ ಸದ್ದು ಬದಲಾದರೆ, ಹೆಬ್ಬೆರಳಿನಲ್ಲಿ ಒತ್ತಿದಾಗ ಟಕ್ ಅಂದರೆ, ಒಂದು ಜಾಗದಿಂದ ಚೆಂಡು ಹುಚ್ಚುಹುಚ್ಚಾಗಿ ಹಾರಿದರೆ ಅದರ ಕಥೆ ಮುಗಿಯಿತು. ಪದರ ಬಿಟ್ಟ ಪ್ಯಾಡಲ್‌ನಲ್ಲಿ ಟೂರ್ನಿ ಆಡುವಂತೆಯೂ ಇಲ್ಲ. ಪ್ಯಾಡಲ್ಲನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಅಂಟು ಹಾಳಾಗುತ್ತದೆ.

ದುಡ್ಡು ಎಷ್ಟು ಹಾಕಬೇಕು? ಮರದ ಪ್ಯಾಡಲ್ ಬೇಡ, ಭಾರ, ಕೈ ನೋವು. ನಾಲ್ಕರಿಂದ ಎಂಟು ಸಾವಿರದೊಳಗೆ 16 ಮಿಲಿಮೀಟರಿನ ಕಾರ್ಬನ್ ಪ್ಯಾಡಲ್ ಹುಡುಕಿ. 3.5 ದಾಟುವವರೆಗೆ ಅಷ್ಟು ಸಾಕು. ಹೊರದೇಶದ ದೊಡ್ಡ ಬ್ರ್ಯಾಂಡ್‌ಗಳ ಮೇಲಿನ ಮಾಡೆಲ್‌ಗಳು ಇಪ್ಪತ್ತು ಸಾವಿರದ ಸುತ್ತ ಓಡಾಡುತ್ತವೆ. ಆ ವ್ಯತ್ಯಾಸದ ಹಣವನ್ನು ಕೋಚಿಂಗ್‌ಗೆ ಹಾಕಿದರೆ ಲೆವೆಲ್ ನಿಜಕ್ಕೂ ಏರುತ್ತದೆ, ಸುಮ್ನೆ ಹೇಳುತ್ತಿಲ್ಲ.

ಕೊಳ್ಳುವ ಮುಂಚೆ ಯಾರದ್ದಾದರೂ ಪ್ಯಾಡಲ್ ಕೇಳಿ ಅರ್ಧ ಗಂಟೆ ಆಡಿ ನೋಡಿ. ಅದರಲ್ಲಿ ಸ್ಮ್ಯಾಶ್ ಹೊಡೆದು ನೋಡಬೇಡಿ, ಎಲ್ಲ ಪ್ಯಾಡಲ್‌ನಲ್ಲೂ ಸ್ಮ್ಯಾಶ್ ಚೆನ್ನಾಗೇ ಬರುತ್ತದೆ. ಡಿಂಕ್ ಮಾಡಿ, ಡ್ರಾಪ್ ಮಾಡಿ, ಜೋರಾಗಿ ಬಂದದ್ದನ್ನು ತಡೆದು ನೋಡಿ.

7. ಪ್ಯಾಡಲ್‌ಗೆ ಒಪ್ಪಿಗೆ ಇದೆಯಾ ನೋಡಿ

ಬಹಳ ಟೂರ್ನಿಗಳು ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆಯ ಒಪ್ಪಿಗೆ ಪಟ್ಟಿಯಲ್ಲಿರುವ ಪ್ಯಾಡಲ್ ಕೇಳುತ್ತವೆ. ಪಟ್ಟಿ ಆ ಸಂಸ್ಥೆಯ ಜಾಲತಾಣದಲ್ಲೇ ಇದೆ. ಬ್ರ್ಯಾಂಡ್ ಹೆಸರು ಸಿಕ್ಕಿತು ಅಂತ ನಿಲ್ಲಿಸಬೇಡಿ, ಮಾಡೆಲ್ ಮತ್ತು ದಪ್ಪ ಎರಡೂ ಹೊಂದಬೇಕು. ಒಂದೇ ಹೆಸರಿನ 14 ಮಿಲಿಮೀಟರಿನದ್ದು, 16ರದ್ದು ಬೇರೆ ಬೇರೆ ದಾಖಲಾಗಿರುತ್ತವೆ. ಪಟ್ಟಿ ಬದಲಾಗುತ್ತಲೂ ಇರುತ್ತದೆ. ಚೆಂಡನ್ನು ಮಿತಿಗಿಂತ ಜೋರಾಗಿ ಚಿಮ್ಮಿಸುತ್ತವೆ ಅಂತ ಕೆಲವು ಮಾಡೆಲ್‌ಗಳನ್ನು 2025ರ ಜುಲೈ 1ರಿಂದ ಆ ಸಂಸ್ಥೆಯ ಮಾನ್ಯತೆಯ ಟೂರ್ನಿಗಳಿಂದ ಹೊರಗಿಟ್ಟರು. ಹಾಗಾಗಿ ಸೆಕೆಂಡ್ ಹ್ಯಾಂಡ್ ಪ್ಯಾಡಲ್ ಅಗ್ಗಕ್ಕೆ ಸಿಕ್ಕರೆ ಮೊದಲು ಪಟ್ಟಿ ನೋಡಿ. ಮಾರುವವರು ಯಾಕೆ ಮಾರುತ್ತಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗಬಹುದು.

ನಕಲಿ ಮಾಲೂ ಇದೆ. ಹೆಸರಾಂತ ಪ್ಯಾಡಲ್ ಕಾಲು ಭಾಗದ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುತ್ತಿದ್ದರೆ ಅದು ಅಸಲಿ ಆಗಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಿ. ಬಿಲ್, ವಾರಂಟಿ ಕೊಡುವ ಕಡೆಯೇ ಕೊಳ್ಳಿ.

8. ಹಿಂದಿನ ಎರಡು ವಾರ ಮತ್ತು ಆ ದಿನ

ಹೊಸ ಪ್ಯಾಡಲ್ಲನ್ನು ಟೂರ್ನಿಯ ಹಿಂದಿನ ದಿನ ತೆಗೆಯಬೇಡಿ. ಕೈಗೆ ಒಗ್ಗೋಕೆ ಎರಡು ವಾರವಾದರೂ ಬೇಕು. ಆ ಎರಡು ವಾರ ಗೇಮ್ ಆಡೋದು ಕಡಿಮೆ ಮಾಡಿ, ಸರ್ವ್ ಮತ್ತು ರಿಟರ್ನ್ ಜಾಸ್ತಿ ಮಾಡಿ. ಇಪ್ಪತ್ತು ಸರ್ವ್‌ನಲ್ಲಿ ಹತ್ತೊಂಬತ್ತು ಒಳಗೆ ಬೀಳಬೇಕು, ಅದರಲ್ಲೂ ಹಿಂದಿನ ಗೆರೆಯ ಹತ್ತಿರ. ಈ ಲೆವೆಲ್‌ನಲ್ಲಿ ಸರ್ವ್ ತಪ್ಪದೇ ಇರೋದೇ ದೊಡ್ಡ ಅಸ್ತ್ರ.

ಬೂಟು: ಓಡುವ ಬೂಟು ಬೇಡ. ಅದರ ಅಡಿ ಎತ್ತರ, ಪಕ್ಕಕ್ಕೆ ಹೆಜ್ಜೆ ಹಾಕಿದರೆ ಹಿಮ್ಮಡಿಗಂಟು ಹೊರಳುತ್ತದೆ. ಒಳಾಂಗಣಕ್ಕೆ ಶಟಲ್ ಬೂಟು, ಗಟ್ಟಿ ಕೋರ್ಟಿಗೆ ಟೆನಿಸ್ ಬೂಟು. ತಲೆ ಮೇಲೆ ಹೋದ ಚೆಂಡಿಗೆ ಹಿಂದಕ್ಕೆ ಹಿಂದಕ್ಕೆ ನಡೆಯಬೇಡಿ, ತಿರುಗಿ ಓಡಿ. ಈ ಆಟದಲ್ಲಿ ಕೈ, ತಲೆಗೆ ಪೆಟ್ಟಾಗೋದು ಹೆಚ್ಚಾಗಿ ಹೀಗೆ ಹಿಮ್ಮುಖ ಬಿದ್ದು, ಅದರಲ್ಲೂ ನಲವತ್ತು ದಾಟಿದವರು ಹುಷಾರು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿದರೆ ಇನ್ನೂ ಒಳ್ಳೇದು, ಕಿಚನ್ ಗೆರೆಯಲ್ಲಿ ಎದುರಾಳಿ ಇರೋದು ಹದಿನಾಲ್ಕು ಅಡಿ ದೂರದಲ್ಲಿ.

ಬ್ಯಾಗಿನಲ್ಲಿ: ಆಧಾರ್ ಅಥವಾ ಬೇರೆ ಗುರುತಿನ ಚೀಟಿ (ವಯಸ್ಸಿನ ವಿಭಾಗಕ್ಕೆ ಕೇಳುತ್ತಾರೆ), ಎರಡು ಓವರ್‌ಗ್ರಿಪ್, ಟವೆಲ್, ಟೋಪಿ, ಇನ್ನೊಂದು ಟೀ ಶರ್ಟ್, ಬಾಳೆಹಣ್ಣು, ನೀರು, ಓಆರ್‌ಎಸ್. ಸಾಧ್ಯವಾದರೆ ಎರಡನೇ ಪ್ಯಾಡಲ್, ಸಾಲ ತಂದದ್ದಾದರೂ ಸರಿ. ಬೆಳಗ್ಗೆ ಎರಡು ಇಡ್ಲಿ ಸಾಕು. ಮಸಾಲೆ ದೋಸೆ ಗೆದ್ದ ಮೇಲೆ ತಿನ್ನಿ, ಸೋತರೂ ತಿನ್ನಬಹುದು.

ಹೇಳಿದ ಸಮಯಕ್ಕೆ ಹೋಗಿ, ಕಾಯಲು ತಯಾರಾಗಿರಿ. ಎಂಟಕ್ಕೆ ರಿಪೋರ್ಟಿಂಗ್ ಅಂದರೆ ನಿಮ್ಮ ಪಂದ್ಯ ಹತ್ತಕ್ಕೂ ಆಗಬಹುದು, ಹನ್ನೊಂದಕ್ಕೂ ಆಗಬಹುದು. ನಡುನಡುವೆ ಮೈ ಬಿಸಿ ಮಾಡಿಕೊಳ್ಳುತ್ತಿರಿ. ಕರೆದ ತಕ್ಷಣ ಕೋರ್ಟಿನಲ್ಲಿ ಇರಬೇಕು, ಇಲ್ಲದಿದ್ದರೆ ವಾಕ್‌ಓವರ್ ಕೊಟ್ಟುಬಿಡುತ್ತಾರೆ.

11ರ ಗೇಮಿನಲ್ಲಿ ಪ್ರತಿ ಜೋಡಿಗೆ ಒಂದೊಂದು ನಿಮಿಷದ ಎರಡು ಟೈಮ್‌ಔಟ್ ಇರುತ್ತವೆ. ಹೊಸಬರು ಅದನ್ನು ಬಳಸೋದೇ ಇಲ್ಲ. ಎದುರಾಳಿ ಸಾಲಾಗಿ ಮೂರು ಪಾಯಿಂಟ್ ತಗೊಂಡರೆ ಕರೆಯಿರಿ, ನೀರು ಕುಡಿಯಿರಿ, ಮುಂದಿನ ರಿಟರ್ನ್ ಎಲ್ಲಿಗೆ ಅಂತ ಮಾತಾಡಿ.

ರೌಂಡ್ ರಾಬಿನ್‌ನಲ್ಲಿ ಇನ್ನೊಂದು ವಿಷಯ. ಗೆಲುವು ಸಮ ಬಂದರೆ ಪಾಯಿಂಟ್ ವ್ಯತ್ಯಾಸವನ್ನೂ ನೋಡೋದುಂಟು. 10-2 ಇದ್ದಾಗ ಆರಾಮಾಗಿ ಆಡಿ 11-8ಕ್ಕೆ ಮುಗಿಸಿದರೆ, ಸಂಜೆ ಸೆಮಿಫೈನಲ್ ಪಟ್ಟಿ ಅಂಟಿಸಿದಾಗ ಆ ಆರು ಪಾಯಿಂಟ್ ಕಾಡುತ್ತವೆ. ಸೋಲುತ್ತಿದ್ದರೂ ಅಷ್ಟೇ, 11-3ಕ್ಕಿಂತ 11-7 ವಾಸಿ.

ಪಂದ್ಯ ಮುಗಿದ ಕೂಡಲೇ ಸ್ಕೋರ್ ಚೀಟಿಯ ಫೋಟೋ ತೆಗೆದುಕೊಳ್ಳಿ. ಆಯೋಜಕರು ಫಲಿತಾಂಶಗಳನ್ನು ಆಮೇಲೆ ಡ್ಯೂಪರ್‌ಗೆ ಹಾಕುತ್ತಾರೆ, ಗಡಿಬಿಡಿಯಲ್ಲಿ ಸ್ಕೋರ್ ಅದಲು ಬದಲಾಗೋದುಂಟು, ಒಂದೇ ಹೆಸರಿನ ಬೇರೆಯವರ ಖಾತೆಗೆ ಹೋಗೋದೂ ಉಂಟು. ಒಂದು ವಾರದಲ್ಲಿ ನಿಮ್ಮ ಖಾತೆ ತೆರೆದು ನೋಡಿ. ತಪ್ಪಿದ್ದರೆ ಆ ಫೋಟೋ ಸಮೇತ ಆಯೋಜಕರಿಗೆ ಬರೆಯಿರಿ.